ಕಣ್ಣು ತೆರೆಸುವ ಕೆಲಸ

ಸತ್ತವರ ಕಣ್ಣು ತೆರೆಸುವುದು ನನ್ನ ಕಸುಬು. ಹೀಗೆಂದರೆ ಹೊರಗಿನವರು ಗಾಬರಿಯಾಗುತ್ತಾರೆ. ಸಿಂಧನೂರಿನಲ್ಲಿ ಯಾರೂ ಆಗುವುದಿಲ್ಲ. "ನಮ್ಮಪ್ಪಂದು ಕಣ್ಣ ತೆರೆಸೋದಿತ್ರಿ" ಎಂದು ಜನ ನನ್ನ ಅಂಗಡಿಗೆ ಬರುತ್ತಾರೆ, ಪಂಕ್ಚರ್ ಹಾಕಿಸಲು ಬಂದವರ ಹಾಗೆ.

ವಿಷಯ ಇಷ್ಟೆ. ನಮ್ಮ ಭಾಗದಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುವ ಮನೆಗಳು ಬಹಳ. ಜೀವ ಹೋದ ಮೇಲೆ ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹಣೆತುಂಬ ವಿಭೂತಿ, ಕೊರಳತುಂಬ ಹೂವು. ತಲೆ ವಾಲಬಾರದೆಂದು ಹಿಂದೆ ಒಬ್ಬರು ಕೂತು ಕೈಯಿಂದ ಹಿಡಿದಿರುತ್ತಾರೆ. ಮನೆಮಂದಿಯೆಲ್ಲ ಆಚೆ ಈಚೆ ಕೂತಾಗ ಫೋಟೊದವನು ಬಂದು ಒಂದು ಫೋಟೊ ತೆಗೆಯುತ್ತಾನೆ. ಈಗಿನವರದು ಬಿಡಿ, ಹಿಂದಿನ ಎಷ್ಟೋ ಜನರಿಗೆ ಹುಟ್ಟಿ ಸಾಯುವತನಕ ಆದದ್ದು ಅದೊಂದೇ ಫೋಟೊ. ಬದುಕಿದ್ದಾಗ ನಾಟಿ, ಕಳೆ, ಕೊಯ್ಲು ಎಂದು ಪುರುಸೊತ್ತಿರಲಿಲ್ಲ. ಸತ್ತ ದಿನ ಸಿಕ್ಕಿತು. ಅದನ್ನು ಹಿಡಿದುಕೊಂಡು ಮಕ್ಕಳು ನನ್ನಲ್ಲಿಗೆ ಬರುತ್ತಾರೆ. ನಾನು ಅಕ್ಕಪಕ್ಕದವರನ್ನು ಬಿಟ್ಟು, ತಲೆ ಹಿಡಿದ ಕೈಯನ್ನು ತೆಗೆದು, ಹಾರ ಇಳಿಸಿ, ಕಣ್ಣು ತೆರೆಸಿ, ಮನುಷ್ಯ ಈಗಷ್ಟೇ ಉಂಡು ಎದ್ದು ಕೂತಿದ್ದಾನೆ ಅನ್ನುವ ಹಾಗೆ ಪಟ ಬರೆದು ಕೊಡಬೇಕು.

ಮೊದಲು ನಾನು ಇದೊಂದನ್ನೇ ಮಾಡುತ್ತಿರಲಿಲ್ಲ. ಅಕ್ಕಿ ಗಿರಣಿಗಳ ಬೋರ್ಡು, ಟ್ರೇಲರುಗಳ ಹಿಂದಿನ ಹೆಸರು, ಶಾಲೆಯ ಗೋಡೆಯ ಮೇಲಿನ ಭಾರತದ ನಕಾಶೆ, ಎಲ್ಲ ಬರೆಯುತ್ತಿದ್ದೆ. ಫ್ಲೆಕ್ಸ್ ಬಂತು, ಅವೆಲ್ಲ ಹೋದವು. ಅಳುತ್ತ ಕೂಡುವ ಜಾಯಮಾನ ನನ್ನದಲ್ಲ. ಹೋದದ್ದು ಹೋಯಿತು, ಹಳೇ ಬಜಾರಿನ ಸಂದಿಯಲ್ಲಿ ಅಂಗಡಿ ಉಳಿಯಿತು, ಪಟದ ಕೆಲಸ ಉಳಿಯಿತು.

ಪಟದ ಕೆಲಸ ಕಲಿತದ್ದು ಲಿಂಗಸುಗೂರಿನ ಒಬ್ಬ ಉಸ್ತಾದರ ಬಳಿ. ಅವರು ಮುಸಲ್ಮಾನರು. ಊರಿನ ಅರ್ಧ ಗೋಡೆಗಳ ಮೇಲೆ ಅವರು ಬರೆದ ಪಟಗಳಿದ್ದವು, ಅವರ ಮನೆಯ ಗೋಡೆಯ ಮೇಲೆ ಮಾತ್ರ ಒಂದೂ ಇರಲಿಲ್ಲ. ಕೇಳಿದರೆ "ನಮ್ಮಲ್ಲಿ ಹಾಕಂಗಿಲ್ಲಪ್ಪಾ" ಎನ್ನುತ್ತಿದ್ದರು, ಬ್ರಷ್ಷು ತೊಳೆಯುತ್ತ. ಅವರು ನನಗೆ ಎರಡು ಮಾತು ಹೇಳಿಕೊಟ್ಟರು. ಒಂದು, ಮುಚ್ಚಿದ ಕಣ್ಣು ತೆರೆಸಬೇಕಾದರೆ ತಲೆಯಿಂದ ಹುಟ್ಟಿಸಬಾರದು. ಮಗ, ತಂಗಿ, ಅಣ್ಣ, ಯಾರದಾದರೂ ಅದೇ ರಕ್ತದವರ ಕಣ್ಣು ನೋಡಿ ತರಬೇಕು. ಎರಡು, ಪಟದ ಕಣ್ಣು ಮನೆಯಲ್ಲಿ ಎಲ್ಲಿ ನಿಂತರೂ ನಿಂತವರನ್ನೇ ನೋಡಬೇಕು. ಎರಡನೆಯದು ನನಗೆ ಬಹಳ ಚೆನ್ನಾಗಿ ಒಲಿಯಿತು. ನನ್ನ ಪಟಗಳ ಮುಂದೆ ಕಳ್ಳತನ ಮಾಡುವುದು ಕಷ್ಟ ಎಂದು ಜನ ತಮಾಷೆ ಮಾಡುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಹಾಗೆಂದು ಪಟ ಬರೆಸುವವರಿಗೆ ಸತ್ಯ ಬೇಕು ಎಂದು ಯಾರೂ ತಿಳಿಯಬಾರದು. ಸತ್ತ ಎಮ್ಮೆ ಸೇರು ಹಾಲು ಹೆಚ್ಚು ಕರೆಯುತ್ತಿತ್ತು ಅನ್ನುವ ಮಂದಿ ನಾವು. "ಬಣ್ಣ ಜರಾ ತಿಳಿ ಮಾಡ್ರಿ, ಅವ್ವ ಬಿಸಲಾಗ ಕರ್ರಗಾಗಿದ್ಳು." "ಮುಂದಿನ ಹಲ್ಲ ಒಳಗ ತಳ್ರಿ." "ಕೈಯಾಗ ನಾಕು ಬಂಗಾರದ ಬಳಿ ಹಾಕ್ರಿ." ಬದುಕಿದ್ದಾಗ ಗಾಜಿನ ಬಳೆಗೂ ಗತಿಯಿರಲಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಹಾಕುತ್ತೇನೆ. ಗಂಡಸರಿಗೆ ಕೋಟು. ಜೀವಮಾನವೆಲ್ಲ ಒಂದು ಅಂಗಿಯಲ್ಲಿ ಗದ್ದೆಗೆ ನೀರು ಕಟ್ಟಿದವನಿಗೂ ಸತ್ತ ಮೇಲೆ ಕೋಟು ಬೇಕು. ನನಗೆ ಬರುವುದು ಒಂದೇ ಕರಿ ಕೋಟು. ದಢೇಸುಗೂರಿನಿಂದ ತುರ್ವಿಹಾಳದತನಕ ಅದೆಷ್ಟೋ ಮನೆಗಳಲ್ಲಿ ಅದೇ ಕೋಟು ಹಾಕಿಕೊಂಡು ಅದೆಷ್ಟೋ ಜನ ಕೂತಿದ್ದಾರೆ. ಒಮ್ಮೆ ತುರ್ವಿಹಾಳದ ಒಂದು ಮನೆಗೆ ಹೋದಾಗ, ನಾನೇ ಬರೆದ ಪಟವೊಂದು ಅಡುಗೆಮನೆಯ ಅಕ್ಕಿ ಡ್ರಮ್ಮಿನ ಮೇಲೆ ಮುಚ್ಚಳವಾಗಿತ್ತು. ಅಣ್ಣತಮ್ಮಂದಿರು ಬೇರೆಯಾದಾಗ ಅಪ್ಪ ಯಾರ ಪಾಲಿಗೂ ಬಂದಿರಲಿಲ್ಲ. ಕೋಟು ಹಾಕಿಕೊಂಡು ಅಕ್ಕಿ ಕಾಯುತ್ತಿದ್ದ. ಮನೆಯ ಸೊಸೆ ನಾಚಿಕೊಂಡು ಒರೆಸಿ ಗೋಡೆಗೆ ಆನಿಸಿದಳು. ನಾನು ಹೊರಟುಬಂದ ಮೇಲೆ ಮತ್ತೆ ಡ್ರಮ್ಮಿನ ಮೇಲೆ ಇಟ್ಟಿರಬೇಕು.

ಆದ್ದರಿಂದ ಪಟ ಶಾಶ್ವತ, ಪಟದಲ್ಲಿ ಮನುಷ್ಯ ಉಳಿಯುತ್ತಾನೆ ಎಂದೆಲ್ಲ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಮೂರನೇ ತಲೆಮಾರಿಗೆ ಪಟದಲ್ಲಿರುವವರು ಯಾರೆಂದು ಗೊತ್ತಿರುವುದಿಲ್ಲ. ಬಣ್ಣ ನೂರು ವರ್ಷ ಬಾಳುತ್ತದೆ, ನೆನಪು ಬಾಳುವುದಿಲ್ಲ. ಆದರೂ ಜನ ಯಾಕೆ ಬರೆಸುತ್ತಾರೆ ಎಂದು ಬಹಳ ಸಲ ಯೋಚನೆ ಮಾಡಿದ್ದೇನೆ. ಫೋನಿನಲ್ಲಿ ಸಾವಿರ ಫೋಟೊ ಇರುತ್ತವೆ, ಅವಕ್ಕೆ ಏನೂ ಮಾಡಬೇಕಾಗಿಲ್ಲ. ಪಟಕ್ಕೆ ಮೊಳೆ ಹೊಡೆಯಬೇಕು, ಧೂಳು ಒರೆಸಬೇಕು, ಹಬ್ಬಕ್ಕೆ ಹೂವು ಹಾಕಬೇಕು, ಗೋಡೆಗೆ ಬಣ್ಣ ಹಚ್ಚುವಾಗ ಇಳಿಸಿ ಹಾಸಿಗೆಯ ಮೇಲೆ ಮಲಗಿಸಬೇಕು. ಸತ್ತವರಿಗೆ ಇನ್ನೂ ಒಂದಿಷ್ಟು ದಿನ ಚಾಕರಿ ಮಾಡುವ ಆಸೆ ಅದು. ಅಷ್ಟೇ ಇರಬೇಕು ಎಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ಮಸ್ಕಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ವಯಸ್ಸು ಐವತ್ತು ದಾಟಿತ್ತು. ಅಂಗನವಾಡಿಯಲ್ಲಿ ಕೆಲಸ, ಗಂಡನದು ಗೊಬ್ಬರದ ಅಂಗಡಿ. ಅವಳ ಅತ್ತೆ ಮಾವನ ಪಟಗಳನ್ನು ಹಿಂದೆ ನಾನೇ ಬರೆದಿದ್ದೆ, ಮಾವನಿಗೆ ಅದೇ ಕೋಟು. ಮಸ್ಕಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಪಡಸಾಲೆಯಲ್ಲಿ ಅತ್ತೆ, ಮಾವ, ಅವಳ ಅಪ್ಪ, ಮೂರು ಪಟ ಬರುವುದಿತ್ತು. ನಾಲ್ಕನೆಯ ಮೊಳೆಗೆ ಅವಳ ಅವ್ವ ಬೇಕಾಗಿತ್ತು.

ಪ್ಲಾಸ್ಟಿಕ್ ಚೀಲದಿಂದ ಒಂದು ಕಪ್ಪು ಬಿಳುಪು ಫೋಟೊ ತೆಗೆದಳು. ಅಂಚೆಲ್ಲ ಹಳದಿಯಾಗಿತ್ತು. ನಡುವೆ ಇಪ್ಪತ್ತೆರಡು ಇಪ್ಪತ್ಮೂರರ ಹೆಂಗಸು, ಗೋಡೆಗೆ ಆನಿಸಿ ಕೂಡಿಸಿದ್ದಾರೆ, ಕಣ್ಣು ಮುಚ್ಚಿವೆ. ತಲೆಯ ಹಿಂದಿನಿಂದ ಒಂದು ಸಣ್ಣ ಕೈ ಬಂದು ಗದ್ದ ಹಿಡಿದಿದೆ. ಹೆಂಗಸಿನ ಮೊಣಕಾಲಿನ ಹತ್ತಿರ ಎರಡು ವರ್ಷದ ಒಂದು ಕೂಸು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಕೂಸು ಮಾತ್ರ ಕತ್ತೆತ್ತಿ ಅವ್ವನ ಮುಖ ನೋಡುತ್ತಿದೆ.

"ಈ ಕೂಸು ನಾನ ರೀ," ಎಂದಳು.

ನನಗಿಂತ ಮೊದಲು ಒಂದು ಸ್ಟುಡಿಯೊಗೆ ಹೋಗಿ ಬಂದಿದ್ದಳು. ಅಲ್ಲಿ ಕಂಪ್ಯೂಟರಿನಲ್ಲಿ ಎರಡು ನಿಮಿಷದಲ್ಲಿ ಕಣ್ಣು ತೆರೆಸಿಕೊಟ್ಟಿದ್ದರಂತೆ. ಫೋನಿನಲ್ಲಿ ತೋರಿಸಿದಳು. ದೊಡ್ಡ ದೊಡ್ಡ ಕಣ್ಣು, ಕಾಡಿಗೆ ತೀಡಿದ ರೆಪ್ಪೆ, ಮೇಲೊಂದು ನಗು. ಸೀರೆ ಅಂಗಡಿಯ ಜಾಹೀರಾತಿನ ಹುಡುಗಿ ವಿಭೂತಿ ಹಚ್ಚಿಕೊಂಡು ಕೂತ ಹಾಗಿತ್ತು.

"ಇಕಿ ಯಾರೋ ಏನೋ ಅಣ್ಣಾರ. ಚೆಂದ ಅದಾಳ. ನಮ್ಮವ್ವ ಅಂತೂ ಅಲ್ಲ."

"ನಿಮ್ಮವ್ವನ ಕಣ್ಣು ನಿಮಗ ನೆನಪೈತೇನು?"

"ಎಲ್ಲಿಂದ ನೆನಪಿರಬೇಕ್ರಿ? ಎರಡು ವರ್ಷದಾಕಿ ನಾನು." ಫೋಟೊದ ಮೇಲೆ ಬೆರಳಿಟ್ಟಳು. "ನೋಡ್ರಿ, ಇದರಾಗ ನಾ ಅಕಿನ್ನ ನೋಡಾಕತ್ತೀನಿ. ಅಕಿ ನನ್ನ ನೋಡವಲ್ಲಳು. ಅದಕ್ಕೂ ಮೊದಲು ನೋಡಿರ್ತಾಳ, ಹೆತ್ತಾಕಿ ನೋಡದ ಇರ್ತಾಳೇನು? ಆದ್ರ ಅದು ನನಗ ಗೊತ್ತಿಲ್ಲ, ಗೊತ್ತಿಲ್ಲದ್ದು ನಂದಲ್ಲ. ಒಮ್ಮೆ, ಒಂದು ಸಲ ನಮ್ಮವ್ವ ನನ್ನ ನೋಡಿದಂಗ ಆದ್ರ ಸಾಕು ನೋಡ್ರಿ. ಮನಿ, ಗೋಡಿ, ಎಲ್ಲಾ ನೆಪ."

ಇಂಥ ಮಾತು ನಾನು ಬಹಳ ಕೇಳಿದ್ದೇನೆ. ಕೇಳಿ ಕೇಳಿ ಕಿವಿ ದಪ್ಪವಾಗಿದೆ. ಅವಳದನ್ನೂ ಹಾಗೇ ಕೇಳಿ, ರಕ್ತ ಸಂಬಂಧದಲ್ಲಿ ಯಾರ ಕಣ್ಣು ಹೋಲುತ್ತವೆ ಎಂದು ನನ್ನ ಮಾಮೂಲಿ ಪ್ರಶ್ನೆ ಹಾಕಿದೆ. ಅವಳ ಅವ್ವನ ಬೆನ್ನಿಗೆ ಹುಟ್ಟಿದ ತಂಗಿಯೊಬ್ಬಳು ವಳಕಮದಿನ್ನಿಯಲ್ಲಿ ಇದ್ದಾಳೆ ಎಂದಳು. ಅಕ್ಕ ಸತ್ತ ಮೇಲೆ ಮಗುವಿನ ಸಲುವಾಗಿ ಅದೇ ಮನೆಗೆ ಅವಳನ್ನು ಕೊಟ್ಟಿದ್ದರು. ಸಾಕಿ ದೊಡ್ಡದು ಮಾಡಿದವಳು ಅವಳೇ. ಈ ಹೆಣ್ಣುಮಗಳು ಅವಳನ್ನು ಚಿಗವ್ವ ಎಂದು ಕರೆಯುತ್ತಿದ್ದಳು.

"ಅಕ್ಕ ತಂಗಿ ಒಂದs ಅಚ್ಚಿನಾಗ ತಗದಂಗ ಇದ್ರಂತ್ರಿ. ಎಲ್ಲಾರೂ ಅಂತಾರ."

ಸರಿ, ಕೆಲಸ ಸಲೀಸಾಯಿತು ಎಂದುಕೊಂಡೆ.

ಮುಂದಿನ ವಾರ ವಳಕಮದಿನ್ನಿಗೆ ಹೋದೆ. ಚಿಗವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ನುಚ್ಚು ಹಸನು ಮಾಡುತ್ತಿದ್ದರು. ಎಪ್ಪತ್ತರ ಹತ್ತಿರದ ಗಟ್ಟಿ ಜೀವ, ಅದಕ್ಕಿಂತ ಗಟ್ಟಿ ಬಾಯಿ. ನಾನು ಬಂದ ಕಾರಣ ಹೇಳಿದೆ. ಮೊರ ನಿಲ್ಲಿಸಲಿಲ್ಲ.

"ಐವತ್ತು ವರ್ಷ ನಾ ಕಣ್ಣಾಗ ಕಣ್ಣಿಟ್ಟ ನೋಡ್ಕೊಂಡಿದ್ದು ಅಕಿಗೆ ಸಾಲವಲ್ದಂತೇನು?"

"ಹಂಗಲ್ರಿ ಯವ್ವಾ. ಹೆತ್ತಾಕಿ ಅಂತ ಒಂದು ಆಸೆ."

"ಗೊತ್ತೈತಿ ಹೋಗೋ. ಹೊಟ್ಟಿ ಉರಿಯಂಗಿಲ್ಲ ಅಂದ್ರ ಸುಳ್ಳಾಕೈತಿ. ಉರಿತೈತಿ. ಕೇಳು, ಏನ ಬೇಕು?"

ಫೋಟೊ ಮುಂದೆ ಹಿಡಿದೆ. ನೋಡಲಿಲ್ಲ. ನೋಡದೆಯೇ ಬೆರಳನ್ನು ಸರಿಯಾಗಿ ಗದ್ದ ಹಿಡಿದ ಆ ಕೈಯ ಮೇಲೆ ಇಟ್ಟರು. "ಇದು ನನ್ನ ಕೈ. ಇದನ್ನ ತಗೀತಿ?"

"ತಗೀಬೇಕಾಕೈತ್ರಿ. ಪಟದಾಗ ಚೆಂದ ಕಾಣಂಗಿಲ್ಲ."

"ತಗಿ ತಗಿ."

ಅಕ್ಕನ ಕಣ್ಣು ಹೇಗಿದ್ದವು ಎಂದು ಕೇಳಿದೆ. ಮೊರದ ಸಪ್ಪಳ ಒಂದು ಗಳಿಗೆ ನಿಂತಿತು. "ನನ್ನಂಗ ಇದ್ವು. ನನ್ನವ ಹಾಕು," ಎಂದು ಮತ್ತೆ ಕೇರತೊಡಗಿದರು. ಓಣಿಯ ಇನ್ನಿಬ್ಬರು ಹಳೆ ಮುದುಕಿಯರನ್ನೂ ಕೇಳಿದೆ. "ದೇವತಿ ಇದ್ದಂಗ ಇದ್ಳಪ್ಪಾ," ಎಂದರು ಇಬ್ಬರೂ. ನಮ್ಮಲ್ಲಿ ಸತ್ತವರ ಬಗ್ಗೆ ಯಾರೂ ಕೊಂಕು ಆಡುವುದಿಲ್ಲ, ಅದನ್ನು ತಿಳಿದೂ ನಾನು ಅವರ ಮಾತು ನಂಬಿದೆ. ಚಿಗವ್ವನ ಕಣ್ಣುಗಳನ್ನು ನಾಲ್ಕಾರು ಕಡೆಯಿಂದ ಫೋನಿನಲ್ಲಿ ತೆಗೆದುಕೊಂಡು, ಅವರು ಕೊಟ್ಟ ಚಹಾ ಕುಡಿದು, ಬಸ್ಸು ಹಿಡಿದೆ.

ಪಟ ಬರೆಯುವುದಕ್ಕೆ ಮೂರು ವಾರ ಹಿಡಿಯಿತು. ಫೋಟೊದ ಮೇಲೆ ಪೆನ್ಸಿಲಿನಿಂದ ಚೌಕ ಹಾಕಿ, ಅದೇ ಚೌಕಗಳನ್ನು ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಹಾಕಿ, ಒಂದೊಂದೇ ಚೌಕ ತುಂಬುತ್ತ ಹೋಗುವ ಹಳೆಯ ಪದ್ಧತಿ ನನ್ನದು. ಮೂಗು, ತುಟಿ, ಬೈತಲೆ ಎಲ್ಲ ಸತ್ತವಳದೇ. ಗದ್ದ ಮಾತ್ರ ಕೈಯ ಅಡಿಯಲ್ಲಿ ಮುಚ್ಚಿಹೋಗಿತ್ತು, ಅದನ್ನು ಮಗಳಿಂದ ತಂದೆ. ಕಣ್ಣು ಕೊನೆಗೆ. ಚಿಗವ್ವನ ಕಣ್ಣುಗಳಿಂದ ನೆರಿಗೆ ತೆಗೆದು, ರೆಪ್ಪೆ ಬಿಗಿ ಮಾಡಿ, ಅರ್ಧ ಶತಮಾನ ಹಿಂದಕ್ಕೆ ಒಯ್ದೆ. ಮುಗಿದಾಗ ಅಂಗಡಿಯಲ್ಲಿ ಎಡಕ್ಕೆ ನಡೆದೆ, ಬಲಕ್ಕೆ ನಡೆದೆ. ಪಟದಾಕೆ ನನ್ನನ್ನು ಬಿಡಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೊಸ ಮನೆಯ ವಾಸ್ತುಶಾಂತಿಗೆ ನಾಲ್ಕು ದಿನ ಇರುವಾಗ ಅವಳು ಒಯ್ಯಲು ಬಂದಳು. ಬಟ್ಟೆ ಸರಿಸಿದೆ. ಅವಳ ಮುಖ ಅರಳಿತು. ಹತ್ತಿರ ಬಂದಳು. ನಾನು ನಡೆದ ಹಾಗೆಯೇ ಎಡಕ್ಕೆ ಸರಿದಳು, ಬಲಕ್ಕೆ ಸರಿದಳು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಬಾಳ ಚೆಂದ ಬಂದೈತ್ರಿ."

"ಮತ್ತ?"

"ಇದು ನಮ್ಮ ಚಿಗವ್ವ ರೀ."

"ಚಿಗವ್ವಂದs ಕಣ್ಣು. ನೀವs ಹೇಳಿದ್ದಲ್ಲ, ಇಬ್ಬರೂ ಒಂದs ಅಂತ?"

"ಹೌದ್ರಿ. ತಪ್ಪು ನಿಮ್ಮದಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ಕಣ್ಣ ನನ್ನ ದಿನಾ ನೋಡ್ಯಾವ ಅಣ್ಣಾರ. ಜ್ವರ ಬಂದಾಗ ನೋಡ್ಯಾವ, ಹಡದಾಗ ನೋಡ್ಯಾವ. ಇವು ನನಗ ಗೊತ್ತಿರೋ ಕಣ್ಣ. ಗೋಡಿ ಮ್ಯಾಲ ಇವನ್ನ ಅವ್ವ ಅಂದ್ರ, ಅವ್ವಂದೂ ಮೋಸ, ಚಿಗವ್ವಂದೂ ಮೋಸ."

ನನಗೆ ಸಿಟ್ಟು ನೆತ್ತಿಗೇರಿತು. ಮೂರು ವಾರದ ಕೆಲಸ. ಯಾರೂ ನೋಡದ ಕಣ್ಣನ್ನು ನಾನು ಎಲ್ಲಿಂದ ತರಬೇಕು, ಮಣ್ಣು ಅಗೆದು ತರಬೇಕೇ ಎಂದು ಕೇಳಿಯೇಬಿಟ್ಟೆ. ಆಡಬಾರದ ಮಾತು, ಆಡಿದೆ. ಅವಳು ಪಟ ಅಲ್ಲೇ ಬಿಟ್ಟು ಹೋದಳು. ಅದನ್ನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದೆ. ಸಿಟ್ಟು ಅವಳ ಮೇಲಲ್ಲ ಎಂದು ಎರಡು ದಿನದ ಮೇಲೆ ಗೊತ್ತಾಯಿತು. ಇಷ್ಟು ವರ್ಷ ಅದೆಷ್ಟು ಮನೆಗಳಲ್ಲಿ ತಂಗಿಯ ಕಣ್ಣು, ಮಗನ ಕಣ್ಣು ಹಾಕಿ ಬಂದಿದ್ದೆನೋ. ಯಾರೂ ಒಂದು ಮಾತು ಅಂದಿರಲಿಲ್ಲ. ಅವರಿಗೆ ಗೊತ್ತಾಗಿರಲಿಲ್ಲವೋ, ಗೊತ್ತಾಗಿಯೂ ಸುಮ್ಮನಾಗಿದ್ದರೋ, ಈಗ ಕೇಳಲು ಬಾರದು.

ಮನೆಯ ಶಾಂತಿ ಮುಗಿದು ಒಂದು ವಾರವಾಗಿತ್ತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದೆ. ಚಿಗವ್ವ ಅಂಗಡಿಯ ಮೆಟ್ಟಿಲು ಹತ್ತಿದರು, ಹಿಂದೆ ಅವಳು. ಶಾಂತಿಗೆಂದು ಮಸ್ಕಿಗೆ ಹೋದ ಚಿಗವ್ವ ಪಡಸಾಲೆಯಲ್ಲಿ ಖಾಲಿ ಮೊಳೆ ನೋಡಿ ಕೇಳಿದ್ದರಂತೆ. ಮಗಳು ಇದ್ದದ್ದು ಹೇಳಿದ್ದಳು. ಚಿಗವ್ವ ವಾರವೆಲ್ಲ ಅಲ್ಲೇ ಉಳಿದು, ಅವತ್ತು ಮುಂಜಾನೆ "ನಡಿ, ಸಿಂಧನೂರಿಗೆ ಹೋಗೋಣ" ಎಂದು ಹೊರಡಿಸಿಕೊಂಡು ಬಂದಿದ್ದರು. ಯಾಕೆಂದು ಮಗಳಿಗೂ ಹೇಳಿರಲಿಲ್ಲ.

"ತೋರಸು," ಎಂದರು ನನಗೆ.

ಪಟ ತಿರುಗಿಸಿದೆ. ಮುದುಕಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಚೆಂದ ಬರ್ದಿ ತಮ್ಮಾ. ಆದ್ರ ನಮ್ಮಕ್ಕ ಹಿಂಗ ನೆಟ್ಟಗ ಯಾವತ್ತೂ ನೋಡಿಲ್ಲ. ಅಕಿಗೆ ಮೆಳ್ಳಗಣ್ಣಿತ್ತು."

"ಏನಂದಿ ಚಿಗವ್ವಾ?" ಎಂದಳು ಮಗಳು.

"ಮೆಳ್ಳಗಣ್ಣು. ಎಡಗಣ್ಣು ಮೂಗಿನ ಕಡೆ ಸರಿದಿತ್ತು. ಹುಟ್ಟಿದಾಗಿಂದ ಇತ್ತು." ಚಿಗವ್ವ ಗೋಡೆಗೆ ಒರಗಿ ಕೂತರು. ಮಾತು ನನಗೆ ಹೇಳಿದರೋ ಅವಳಿಗೆ ಹೇಳಿದರೋ ತಿಳಿಯದ ಹಾಗೆ ನೆಲ ನೋಡುತ್ತ ಹೇಳಿದರು. "ಕನ್ಯಾ ನೋಡಾಕ ಬಂದಾಗ ತಲಿ ಎತ್ತಬ್ಯಾಡ ಅಂತ ಹೇಳಿ ಕೂಡಿಸಿದ್ರು. ಎತ್ತಲಿಲ್ಲ. ಗಂಡನ ಮನಿಗೆ ಬಂದ ಮ್ಯಾಲ ಎತ್ತಲೇಬೇಕಾತು. ಅವತ್ತ ಹಿಡಿದು ಸಾಯೋತನಕ ಮೆಳ್ಳಿ, ಮೆಳ್ಳಿ. ಮುಂಜಾನೆದ್ದು ಅಕಿ ಮಾರಿ ನೋಡಬಾರದಂತ ಅಂತಿದ್ಲು ನಿಮ್ಮಜ್ಜಿ. ನಿಮ್ಮಪ್ಪ ಒಬ್ಬ ಅನ್ನಲಿಲ್ಲ, ಪುಣ್ಯಾತ್ಮ. ಕೂಡಿಸಿ ಫೋಟೊ ತಗಿಯಾಕತ್ತಾಗ ಹಿಂದ ಯಾಕಿನೋ ಒಬ್ಬಾಕಿ ಅಂದ್ಳು, ಈಗ ನೋಡು ಚೆಂದ ಕಾಣ್ತಾಳ, ಅಂತ. ನಾ ಗದ್ದ ಹಿಡಕೊಂಡಿದ್ನಿ. ಹಂಗ ಅಂದಾಕಿ ಬಾಯಾಗ ಮಣ್ಣ ಬೀಳಲಿ, ಇನ್ನೂ ಗಟ್ಟಿ ಹಿಡಕೊಂಡೆ. ಪಟದಾಗಾದ್ರೂ ನಮ್ಮಕ್ಕ ನೆಟ್ಟಗ ನೋಡ್ಲಿ ಅಂತ ನನ್ನ ಕಣ್ಣ ಕೊಟ್ಟೆ. ತಪ್ಪಾತೇನು?"

ಮಗಳು ಸ್ಟೂಲಿನ ಮೇಲೆ ಕೂತು "ಅಣ್ಣಾರ, ಹಂಗs ಬರೀರಿ," ಎಂದಳು.

"ಹೆಂಗ ಬರೀಲಿ ತಂಗಿ?" ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಹಲ್ಲು ಒಳಗೆ ತಳ್ಳಿದವನು, ಮಚ್ಚೆ ಅಳಿಸಿದವನು, ಕುಂಟರನ್ನು ನೆಟ್ಟಗೆ ಕೂಡಿಸಿದವನು ನಾನು. ಇದ್ದ ಐಬನ್ನು ಬೇಕೆಂದು ಬರೆದದ್ದು ಒಂದು ಸಲವೂ ಇಲ್ಲ. ಎಷ್ಟು ಸರಿದಿತ್ತು, ಮೇಲಕ್ಕೋ ಕೆಳಕ್ಕೋ, ರೆಪ್ಪೆ ಇಳಿದಿತ್ತೋ ಇಲ್ಲವೋ, ಬಾಯಿಮಾತಿನಲ್ಲಿ ಹೇಳಿದರೆ ಬ್ರಷ್ಷಿಗೆ ತಿಳಿಯುವುದಿಲ್ಲ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದು ಅಣಕವಾಗುತ್ತದೆ.

ಆ ಪಟವನ್ನು ಆಮೇಲೆ ತಿದ್ದಿ ಕೊಟ್ಟೆ, ಈಗ ಮಸ್ಕಿಯ ಪಡಸಾಲೆಯಲ್ಲಿ ನಾಲ್ಕನೆಯ ಮೊಳೆಗೆ ಇದೆ. ಬಂದುಹೋದ ನೆಂಟರು ಅದನ್ನು ನೋಡಿ, ಪಟದವನಿಗೆ ವಯಸ್ಸಾಯಿತು, ಕೈ ತಪ್ಪಿದೆ ಎನ್ನುತ್ತಾರಂತೆ. ಅನ್ನಲಿ. ಅದು ಎಲ್ಲಿ ನಿಂತರೂ ನೋಡುವ ಪಟವಲ್ಲ. ಅದು ಎಷ್ಟು ವರ್ಷ ಬಾಳುತ್ತದೆ, ಯಾವ ಡ್ರಮ್ಮಿನ ಮೇಲೆ ಹೋಗಿ ಬೀಳುತ್ತದೆ ಎಂದು ನಾನು ಈಗ ಕೇಳಿಕೊಳ್ಳುವುದಿಲ್ಲ. ಅವತ್ತು ಅಂಗಡಿಯಲ್ಲಿ ಆದದ್ದನ್ನು ಹೇಳುತ್ತೇನೆ.

"ಎಷ್ಟ ಸರಿದಿತ್ತು ಯವ್ವಾ? ಯಾರಿಗಾದ್ರೂ ಹಂಗ ಕಣ್ಣ ಐತೇನು, ನೋಡಿಕೊಂಡು ಬರ್ತೀನಿ," ಎಂದೆ.

"ನನಗs ಮಾಡಿ ತೋರಸಾಕ ಬರ್ತೈತಿ," ಎಂದರು ಚಿಗವ್ವ.

"ನಿಮಗ ಹೆಂಗ ಬರ್ತೈತ್ರಿ?"

"ಒಂದು ವರ್ಷ ಮಾಡೀನಿ. ಇಕಿ ಸಲುವಾಗಿ." ಮಗಳ ಕಡೆ ಗದ್ದ ತೋರಿಸಿದರು. "ಅವ್ವ ಹೋದ ಮ್ಯಾಲ ಇಕಿ ನನ್ನ ಹತ್ರ ಬರ್ತಿದ್ದಿಲ್ಲ. ಎತ್ತಿಕೊಂಡ್ರ ಚೀರ್ತಿದ್ಲು. ಮೂರು ದಿನ ಹಾಲ ಕುಡೀಲಿಲ್ಲ. ಅಕ್ಕನ ಸೀರಿ ಉಟ್ಟೆ, ಬರ್ಲಿಲ್ಲ. ಅಕ್ಕನ ದನಿ ತಗದು ಕರದೆ, ಬರ್ಲಿಲ್ಲ. ನನಗರೆ ಎಷ್ಟ ವಯಸ್ಸು, ಹದಿನಾರೋ ಹದಿನೇಳೋ. ನಾನೂ ಅತ್ತುಬಿಟ್ಟೆ. ಅಳಾಕತ್ತಾಗ ತಿಳೀತು, ಈ ಕೂಸಿಗೆ ನೆಟ್ಟಗ ನೋಡೋ ಕಣ್ಣ ಗೊತ್ತಿಲ್ಲ, ಅದಕ್ಕ ಅಂಜಾಕತ್ತೈತಿ ಅಂತ. ಮೂಗಿನ ತುದಿ ನೋಡಿ ಮೆಳ್ಳಗಣ್ಣ ಮಾಡಿ ಕೈ ಚಾಚಿದೆ. ಸುಮ್ಮಾತು. ಎದ್ದು ಬಂದು ತೊಡಿಮ್ಯಾಲ ಕುಂತಿತು. ಕಣ್ಣ ಹಂಗs ನಿಲ್ತಾವ ಹುಚ್ಚಿ, ಅಂತ ಎಲ್ಲಾರೂ ಬೈದ್ರು. ನಿಂತ್ರ ನಿಲ್ಲಲಿ ಅಂದೆ."

ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣಲ್ಲಿ ನೀರು ಬಂತು. ಪೆನ್ಸಿಲು ಹುಡುಕುವ ನೆವದಲ್ಲಿ ಬಗ್ಗಿದೆ.

"ಈಗ ಬರ್ತೈತೋ ಇಲ್ಲೋ. ವಯಸ್ಸಾತು. ಅಕಿಗೆ ಎಡಗಣ್ಣ ಒಂದs, ನನಗ ಎರಡೂ ಹೋಗತಾವ, ಅದನ್ನ ನೀ ತಿದ್ದಿಕೋ," ಎಂದು ಚಿಗವ್ವ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮುಖ ನನ್ನ ಕಡೆ ಮಾಡಿ ಒಂದು ಸಲ ಪ್ರಯತ್ನಿಸಿದರು, ಆಗಲಿಲ್ಲ. ರೆಪ್ಪೆ ಬಡಿದರು. "ನಿನ್ನ ನೋಡಿ ಹೆಂಗ ಬರಬೇಕು," ಎಂದು ಮಗಳ ಕಡೆ ತಿರುಗಿದರು. ನಿಧಾನಕ್ಕೆ ಎರಡೂ ಕಣ್ಣು ಮೂಗಿನ ಕಡೆಗೆ ಸರಿದವು, ಬಲಗಣ್ಣು ನಡುಗಿ ಮತ್ತೆ ನೆಟ್ಟಗಾಯಿತು, ಎಡಗಣ್ಣು ಅಲ್ಲೇ ನಿಂತಿತು. ಸುಕ್ಕುಗಟ್ಟಿದ ಎರಡು ಕೈ ತಾವಾಗಿ ಮುಂದೆ ಬಂದವು.

ಐವತ್ತು ದಾಟಿದ ಆ ಹೆಣ್ಣುಮಗಳು ಸ್ಟೂಲಿನಿಂದ ಎದ್ದಳು. ಕಾಲಿಗೆ ಸಿಕ್ಕ ಬಣ್ಣದ ಡಬ್ಬಿ ಉರುಳಿತು, ನೋಡಲಿಲ್ಲ. ಬಂದು ನೆಲದ ಮೇಲೆ ಕೂತು ಆ ತೊಡೆಯ ಮೇಲೆ ತಲೆ ಇಟ್ಟು, ಮುಖವನ್ನು ಮೇಲಕ್ಕೆ ಮಾಡಿ ನೋಡುತ್ತ ಉಳಿದಳು.

ಚಿಗವ್ವ ಕಣ್ಣು ಕದಲಿಸಲಿಲ್ಲ. ಹಾಗೆಯೇ ನನಗೆ ಹೇಳಿದರು:

"ಲಗೂನ ಬರಕೋ ತಮ್ಮಾ. ನೋಡು, ಇಕಿ ಈಗೂ ಬರ್ತಾಳ."